ಅರ್ಧಗೋಡೆಯ ಏಣಿ

ಏಣಿ ಕಳುವಾದಂದಿನಿಂದ ಪೇಂಟರನಿಗೆ ಬೀದಿಯಲ್ಲಿ ‘ಅರ್ಧಗೋಡೆ’ ಎಂದೇ ಹೆಸರು. ಕೈಗೆಟುಕುವಷ್ಟು ಬಳಿದು, ಮೇಲಿನದಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತಿದ್ದ. ಇವತ್ತು ಮೂಲೆಮನೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ನಾಳೆ ಏಣಿ ತಂದ್ರೆ ಮೂರೂ ಅಂತಸ್ತಿನ ಕೆಲಸ ನಿನಗೆ. ಇಲ್ದಿದ್ರೆ ಈ ಕಡೆ ತಲೆ ಹಾಕ್ಬೇಡ.”

ಗೊಣಗಿಕೊಂಡು ಬರುತ್ತಿದ್ದವನ ಕಣ್ಣಿಗೆ ಬಿದ್ದದ್ದು ತನ್ನ ಬಾಡಿಗೆ ಮನೆಯ ಓನರಮ್ಮನ ಗೋಡೆಗೆ ಒರಗಿಸಿದ್ದ ಏಣಿ. ಬೂದು ಬಣ್ಣ ಬಳಿದಿದ್ದರೇನಂತೆ, ನಾಲ್ಕನೇ ಮೆಟ್ಟಿಲು ಓರೆ. ಅದನ್ನು ಹಾಗೆ ಓರೆಯಾಗಿ ಕೂರಿಸಿದವನು ತಾನೇ. ತುದಿಯಲ್ಲಿ ಎಲೆಕ್ಟ್ರಿಷಿಯನ್.

“ಇಳಿಯೋ ಕಳ್ಳ!”

“ಯಾರೋ ಕಳ್ಳ? ಗುಜರಿ ಅಂಗಡೀಲಿ ತಗೊಂಡಿದ್ದು!”

ಪೇಂಟರ್ ಏಣಿ ಹಿಡಿದು ಅಲ್ಲಾಡಿಸಿದ. ಎಲೆಕ್ಟ್ರಿಷಿಯನ್ ಕಿಟಕಿಯ ಮೇಲಿನ ಸಜ್ಜಕ್ಕೆ ಹಾರಿ ಹಲ್ಲಿಯಂತೆ ಅಂಟಿಕೊಂಡ. ಏಣಿ ಕೆಳಗೆ ಬಂತು.

ಎದುರುಮನೆಯ ನಿವೃತ್ತ ಕೋರ್ಟ್ ಗುಮಾಸ್ತರು ಕರೆಯದೆಯೇ ಬಂದರು. “ಕಳುವಾಗಿ ಐದು ವರ್ಷ ಆಯ್ತಲ್ಲಪ್ಪ. ದಾವೆ ಹಾಕೋ ಗಡುವು ಮುಗೀತು. ಇನ್ನು ಕೇಳೋ ಹಕ್ಕಿಲ್ಲ.”

ಪೇಂಟರ್ ಕೆಂಡವಾದ. “ಗಡುವಾ? ಇದೇನು ಹಾಲಿನ ಪ್ಯಾಕೆಟ್ಟಾ, ಕೆಟ್ಟುಹೋಗೋಕೆ? ಕದ್ದವನು ನಾಲ್ಕು ದಿನ ಬಚ್ಚಿಟ್ರೆ ಅವನದಾಗುತ್ತಾ? ಕಳ್ಕೊಂಡವನು ಬಾಯಿ ಮುಚ್ಕೊಂಡಿರಬೇಕಾ? ನೂರು ವರ್ಷ ಆಗ್ಲಿ, ಕದ್ದ ಮಾಲು ಒಡೆಯನದೇ!”

“ಹಾಗೆ ಹೇಳು!” ಎನ್ನುತ್ತ ಓನರಮ್ಮ ಹೊರಗೆ ಬಂದರು. “ನಿಂದೇ ಅನ್ನೋಕೆ ಸಾಕ್ಷಿ?”

ಹೊಸ ಡಬ್ಬಿ ತೆರೆದಾಗಲೆಲ್ಲ ಏಣಿಯ ಕಾಲಿಗೆ ಮುಖದೆತ್ತರದಲ್ಲಿ ಒಂದು ಕೈ ಬಳಿದು ನೋಡುವುದು ಪೇಂಟರನ ಅಭ್ಯಾಸ. ಅವನು ಬಣ್ಣ ಕೆರೆಯುವ ಪಟ್ಟಿ ತೆಗೆದ. ಬೂದು ಉದುರಿ ಗಿಳಿಹಸಿರು ಬಂತು. “ನಿಮ್ಮ ಜಗುಲಿ, ಸ್ವಾಮಿ!” ಆಮೇಲೆ ಗುಲಾಬಿ. “ನಿಮ್ಮ ಅಡುಗೆಮನೆ, ಅಮ್ಮಾ!”

ಗುಮಾಸ್ತರು ನಿಂತಲ್ಲೇ ತೀರ್ಪು ಬದಲಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಪೇಂಟರ್ ಗೆದ್ದಿದ್ದ. ಸಿಟ್ಟು ಇಳಿದಿರಲಿಲ್ಲ, ಮರ ಕಾಣುವವರೆಗೂ ಕೆರೆದ. ಮರದಲ್ಲಿ ಸುಟ್ಟು ಬರೆದ ಒಂದು ಮೀನು ಕಂಡಿತು.

ಓನರಮ್ಮನ ಮುಖ ಬಿಗಿಯಿತು. “ಇದು ನಮ್ಮ ಯಜಮಾನ್ರು ಕಾದ ಮೊಳೆಯಲ್ಲಿ ಬರೆದ ಮೀನು. ಹಿತ್ತಲಿಂದ ಏಣಿ ಹೊತ್ಕೊಂಡು ಹೋದವನಿಗೆ ಸಾಯೋವರೆಗೂ ಶಾಪ ಹಾಕಿದ್ರು. ಅದನ್ನೇ ತಂದು ನಮ್ಮ ಅಡುಗೆಮನೆ ಬಳಿದ್ಯಾ? ಎಲ್ಲಿತ್ತೋ ಇದು?”

“ಮಾವ... ಮದುವೇಲಿ ಕೊಟ್ಟಿದ್ದು. ನನಗೇನು ಗೊತ್ತಮ್ಮ?” ಪೇಂಟರ್ ತೊದಲಿದ. “ಇಪ್ಪತ್ತು ವರ್ಷದ ಮಾತು. ಗಡುವು ಅಂತ ಒಂದು ಇರುತ್ತಲ್ಲ...”

“ಹಾಲಿನ ಪ್ಯಾಕೆಟ್ಟಾ?” ಎಂದರು ಓನರಮ್ಮ.

ಸಜ್ಜದಿಂದ ದನಿ ಬಂತು: “ಅಮ್ಮಾ, ನಿಮ್ಮ ಏಣಿ ಸ್ವಲ್ಪ ಕೊಡಿಸ್ತೀರಾ?”

“ಕೊಡ್ತೀನಿ, ಕೆಲಸ ಮುಗಿಸಿಯೇ ಇಳಿ.” ಓನರಮ್ಮ ಪೇಂಟರನ ಕಡೆ ತಿರುಗಿದರು. “ಏಯ್ ಅರ್ಧಗೋಡೆ, ಏಣಿ ಎತ್ತಿ ನಿಲ್ಸು. ಅಲ್ಲಾಡದ ಹಾಗೆ ಹಿಡ್ಕೋ.”

ಅವನು ಹಲ್ಲು ಕಚ್ಚಿ ಹಿಡಿದುಕೊಂಡ. ಮೀನು ಸರಿಯಾಗಿ ಅವನ ಮೂಗಿನ ಮುಂದೆಯೇ ಇತ್ತು.