ಒಬ್ಬ ಅಭಿಮಾನಿಯ ಒಂದು ಬಾಟಲಿ ರಕ್ತ

ವಯಸ್ಸಾದ ಮನುಷ್ಯನಿಗೆ ಯಾವ ಚಟ ಇರಬಹುದು, ಯಾವುದು ಇರಬಾರದು ಎಂದು ಯಾರೂ ಬರೆದಿಟ್ಟಿಲ್ಲವಾದರೂ ಅದು ಎಲ್ಲರಿಗೂ ಗೊತ್ತಿರುತ್ತದೆ. ಐವತ್ತು ದಾಟಿದವನು ಎಲೆಯಡಿಕೆಯ ಕವಳ ಹಾಕಬಹುದು, ಇಸ್ಪೀಟು ಆಡಬಹುದು, ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಸರ್ಕಾರವನ್ನು ಬೈಯಬಹುದು. ಆದರೆ ಹೊಡೆದಾಟದ ಸಿನಿಮಾದ ಮೊದಲ ದಿನದ ಮೊದಲ ಆಟಕ್ಕೆ ಹೋಗಿ ಶಿಳ್ಳೆ ಹೊಡೆಯಬಾರದು. ನಾನು ಹೊಡೆಯುತ್ತೇನೆ. ಶಿರಸಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬೆಳಿಗ್ಗೆ ಇಸಳೂರಿನ ಮನೆಯಿಂದ ಬೈಕಿನಲ್ಲಿ ಬಂದು ಬಾಗಿಲು ತೆಗೆದರೆ ಸಂಜೆಯವರೆಗೆ ಜನರ ಮೂಗಿನ ಮೇಲೆ ಕನ್ನಡಕ ಕೂರಿಸುವುದು ನನ್ನ ಕೆಲಸ. ಇಷ್ಟು ಸಾಧುವಾದ ವೃತ್ತಿ ಇನ್ನೊಂದಿರಲಾರದು. ಅಂಥವನು, ಪರದೆಯ ಮೇಲೆ ನಾಯಕ ಯಾರನ್ನೋ ಎತ್ತಿ ತರಕಾರಿ ಗಾಡಿಯ ಮೇಲೆ ಒಗೆದಾಗ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಾನೆ ಎಂದರೆ ಗಿರಾಕಿಗಳು ನಂಬುವುದಿಲ್ಲ. ನಂಬದಿರುವುದೇ ವ್ಯಾಪಾರಕ್ಕೆ ಒಳ್ಳೆಯದು.

ಇದರಲ್ಲಿ ನಿಮಗೆ ಏನು ಕಾಣುತ್ತದೆ ಎಂದು ನನ್ನ ಹೆಂಡತಿ ಭಾರತಿ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಉತ್ತರ ಸುಲಭ. ಹುಲೇಕಲ್ ಕಡೆಯ ಯಜಮಾನರೊಬ್ಬರು ತಮ್ಮ ಕನ್ನಡಕದ ಮೇಲೆ ತಾವೇ ಕೂತು, ಮುರಿದ ಎರಡು ತುಂಡನ್ನು ಮೇಜಿನ ಮೇಲಿಟ್ಟು, "ಎಂತಾ ಮಾಲು ಕೊಟ್ಯೋ ಮಾರಾಯ" ಎನ್ನುತ್ತಾರೆ. ನಾನು ನಗುತ್ತಾ, "ಬಿಟ್ಟು ಹೋಗಿ, ನೋಡ್ತೆ" ಎನ್ನುತ್ತೇನೆ. ಹೀಗೆ ಹೇಳದೆ ನುಂಗಿದ ಉತ್ತರಗಳೆಲ್ಲ ಹೊಟ್ಟೆಯಲ್ಲಿ ಉಳಿದಿರುತ್ತವಲ್ಲ, ಅವಕ್ಕೆಲ್ಲ ಶುಕ್ರವಾರ ಒಂದು ದಾರಿಯಾಗುತ್ತದೆ. ನಾಯಕ ಯಾರಿಗೂ ಬಿಟ್ಟು ಹೋಗಿ ಎನ್ನುವುದಿಲ್ಲ. ಅಂಗಿಯ ತೋಳು ಮಡಚುತ್ತಾನೆ. ಗಾಳಿ ಎಲ್ಲಿಂದಲೋ ಬೀಸುತ್ತದೆ. ಹೊಡೆಸಿಕೊಂಡವನು ನಿಧಾನವಾಗಿ ಮೇಲೇರಿ, ಅಲ್ಲೊಂದು ಸುತ್ತು ತಿರುಗಿ, ನಾವೆಲ್ಲ ನೋಡಿದೆವೆಂದು ಖಾತ್ರಿಯಾದ ಮೇಲೆ ಕೆಳಗೆ ಬೀಳುತ್ತಾನೆ. ಅಷ್ಟು ಜನ ಸುತ್ತ ನಿಂತಿದ್ದರೂ ಒಬ್ಬೊಬ್ಬರಾಗಿಯೇ ಬರುತ್ತಾರೆ. ಇಂಥ ಸರದಿಯ ಶಿಸ್ತನ್ನು ನಮ್ಮೂರ ಬಸ್ಸಿನ ಬಾಗಿಲಲ್ಲಿ ನಾನು ಕಂಡದ್ದಿಲ್ಲ. ಕನ್ನಡಕ ಹಾಕಿದವನು ಮಾತ್ರ ಎಂದೂ ಹೊಡೆಯುವುದಿಲ್ಲ, ಹೊಡೆಸಿಕೊಳ್ಳುತ್ತಾನೆ. ವೃತ್ತಿಯ ದೃಷ್ಟಿಯಿಂದ ಇದೊಂದು ನೋವು ನನಗಿದೆ. ಭಾರತಿಗೆ ಇದನ್ನೆಲ್ಲ ಕಂಡರೆ ಹೆದರಿಕೆಯೂ ಇಲ್ಲ, ಅಸಹ್ಯವೂ ಇಲ್ಲ. ಹೊಡೆದಾಟ ಶುರುವಾದರೆ ಅವಳಿಗೆ ನಿದ್ದೆ ಬರುತ್ತದೆ. ನಡುವೆ ಒಮ್ಮೆ ಕಣ್ಣು ಬಿಟ್ಟು "ಆತಾ?" ಎನ್ನುತ್ತಾಳೆ. "ಇನ್ನೂ ಆಜಿಲ್ಲೆ" ಎಂದು, ಮುಗಿದಿಲ್ಲವೆಂದು ತಿಳಿಸಿದರೆ ಮತ್ತೆ ಮಲಗುತ್ತಾಳೆ.

ಈಗ ನಿಜವಾದ ವಿಷಯ ಹೇಳಿಬಿಡಬೇಕು. ಪರದೆಯ ಮೇಲೆ ಕೊಡಗಟ್ಟಲೆ ರಕ್ತ ನೋಡಬಲ್ಲ ನಾನು ನಿಜವಾದ ರಕ್ತವನ್ನು ಒಂದು ಹನಿಯೂ ನೋಡಲಾರೆ. ಒಮ್ಮೆ ಹಲಸಿನಕಾಯಿ ಹೆಚ್ಚುವಾಗ ಮೆಟ್ಟುಗತ್ತಿ ತಾಗಿ ಭಾರತಿಯ ಬೆರಳು ಕೊಯ್ದುಹೋಯಿತು. ಬಟ್ಟೆ ತರಲು ಓಡಿದ ನಾನು ಬಾಗಿಲಲ್ಲೇ ಕುಸಿದೆ. ಅವಳು ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ನನ್ನ ಮುಖಕ್ಕೆ ನೀರು ಚಿಮುಕಿಸಿದಳು. ಇದು ಮನೆಯೊಳಗಿನ ಗುಟ್ಟು. ಹೊರಗೆ ನಾನು ನಮ್ಮ ನಾಯಕನ ಅಭಿಮಾನಿ ಸಂಘದ ಗೌರವಾಧ್ಯಕ್ಷ. (ಯಾವ ನಾಯಕ ಎಂದು ಹೇಳುವುದಿಲ್ಲ, ಉಳಿದ ನಾಯಕರ ಅಭಿಮಾನಿಗಳಿಗೂ ಕನ್ನಡಕ ಬೇಕಾಗುತ್ತದೆ.) ಅಭಿಮಾನಿ ಸಂಘ ಎಂದ ಮೇಲೆ ನಾಯಕನ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ ಇರಲೇಬೇಕು, ಆತ ಪರದೆಯ ಮೇಲೆ ಚೆಲ್ಲಿಸಿದ್ದನ್ನೆಲ್ಲ ಕೆಳಗೆ ನಾವು ತುಂಬಿಕೊಡುತ್ತೇವೋ ಎಂಬಂತೆ. ಒಂಬತ್ತು ವರ್ಷ ನಾನು ಆ ಶಿಬಿರದಲ್ಲಿ ಭಾಷಣ ಮಾಡಿದ್ದೇನೆ, ಬಾಳೆಹಣ್ಣು ಬಿಸ್ಕಿಟು ಹಂಚಿದ್ದೇನೆ, ಮಲಗಿದವರ ಕಡೆಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಕೊಡುವ ಸರದಿ ಬಂದಾಗ ಒಂದು ವರ್ಷ ಜ್ವರ, ಇನ್ನೊಂದು ವರ್ಷ ಯಾವುದೋ ಮಾತ್ರೆ, ಮತ್ತೊಂದು ವರ್ಷ ಹಲ್ಲು ಕೀಳಿಸಿದ್ದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಸದಸ್ಯರಿಗೆಲ್ಲ ಗುರುತಿನ ಚೀಟಿ ಮಾಡಿಸುವಾಗ, ಅಪರೂಪದ ರಕ್ತವೆಂಬ ಜಂಬಕ್ಕೆ, ಪ್ರತಿ ಚೀಟಿಯ ಹಿಂಬದಿಗೂ ನನ್ನ ಹೆಸರು ಹಾಕಿಸಿ ಅದರ ಮುಂದೆ "ಓ ನೆಗೆಟಿವ್" ಎಂದು ದೊಡ್ಡ ಕೆಂಪಕ್ಷರದಲ್ಲಿ ಅಚ್ಚು ಮಾಡಿಸಿದೆ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಇಸ್ಮಾಯಿಲ್ ಅಂಗಡಿಗೆ ಬಂದ. ಯಲ್ಲಾಪುರದವನು, ಅಲ್ಲಿಂದ ಶಿರಸಿಗೆ ಗೂಡ್ಸ್ ಟೆಂಪೋ ಓಡಿಸುತ್ತಾನೆ. ಹದಿನೈದು ವರ್ಷಗಳಿಂದ ಮೊದಲ ದಿನದ ಆಟದಲ್ಲಿ ನನ್ನ ಪಕ್ಕದ ಕುರ್ಚಿ ಅವನದು. ರಸ್ತೆಯಿಂದಲೇ ಕೂಗುತ್ತ ಬರುವವನು ಅಂದು ಸುಮ್ಮನೆ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಸಂಘದ ಚೀಟಿ ತೆಗೆದು ಮೇಜಿನ ಮೇಲಿಟ್ಟ.

"ಹೆಗಡೇರೆ, ನಮ್ಮ ಶಮೀಮಂದು ಗುರುವಾರ ಇಲ್ಲೇ ಆಪರೇಶನ್. ಗರ್ಭಕೋಶದ್ದು. ಮೊದಲೇ ರಕ್ತ ಕಮ್ಮಿ ಅದೆ ಅವಳಿಗೆ. ಒಂದು ಬಾಟ್ಲಿ ತಂದಿಟ್ಕೊಂಡೇ ಕೈ ಹಾಕೋದು ಅಂದ್ರು ಡಾಕ್ಟ್ರು. ಅವಳ ಗ್ರೂಪು..." ಎಂದು ಬೆರಳನ್ನು ಆ ಕೆಂಪಕ್ಷರದ ಮೇಲಿಟ್ಟ. "ಹುಬ್ಬಳ್ಳೀಲೂ ಕೇಳ್ದೆ, ಸದ್ಯಕ್ಕೆ ಇಲ್ಲ ಅಂದ್ರು. ನೀವು ಇದ್ದೀರಲ್ಲ ಅಂತ ಒಂದು ಧೈರ್ಯ."

ಹಲ್ಲು ಕೀಳಿಸಿದ ಕಥೆ ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದೆ. ಹೆಂಡತಿಗಾಗಿ ಹೆದರಿದ ಗಂಡಸಿನ ಮುಖ ಅದು, ಯಾವ ಸಿನಿಮಾದಲ್ಲೂ ನಾನು ಅದನ್ನು ನೋಡಿರಲಿಲ್ಲ. "ಅದಕ್ಕೆಂತ ಮಾರಾಯ, ಬುಧವಾರ ಬಂದು ಕೊಡ್ತೇನೆ" ಎಂದುಬಿಟ್ಟೆ. ಅವನು ಹೋದ ಮೇಲೆ ಅದೇ ಸ್ಟೂಲಿನ ಮೇಲೆ ನಾನು ಕೂತೆ.

ಸೋಮವಾರಕ್ಕೂ ಬುಧವಾರಕ್ಕೂ ನಡುವೆ ಇರುವುದು ಒಂದೇ ಮಂಗಳವಾರ ಎಂದು ಕ್ಯಾಲೆಂಡರು ಹೇಳುತ್ತದೆ. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಿದ್ದಾಪುರದ ಮಾಸ್ತರರಿಗೆ ಕಾನಸೂರಿನ ಅಜ್ಜಿಯೊಬ್ಬರ ಕನ್ನಡಕ ಕೊಟ್ಟು ಕಳಿಸಿದೆ. ಅವರು ಮೆಟ್ಟಿಲು ಕಾಣದೆ ಗೋಡೆ ಹಿಡಿದುಕೊಂಡು ವಾಪಸು ಬಂದರು. ನೀರು ಕುಡಿದೆ, ಮತ್ತೆ ಕುಡಿದೆ. ಕೊನೆಗೆ ಸ್ವಲ್ಪ ಧೈರ್ಯ ತುಂಬಿಕೊಳ್ಳೋಣ ಎಂದು ಮಂಗಳವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಸಿನಿಮಾಕ್ಕೆ ಹೋದೆ. ಅದೇ ತಪ್ಪಾಯಿತು. ಯಾವುದೋ ಗೋದಾಮಿನಲ್ಲಿ ನಾಯಕ ಕೊಡಲಿ ಹಿಡಿದು ನಿಂತಿದ್ದ. ನನ್ನ ಕಣ್ಣು ಅವನ ಮೇಲೆ ನಿಲ್ಲದೆ ಮೊದಲ ಸಲ ಬಿದ್ದವರ ಮೇಲೆ ಹೋಯಿತು. ಮೂವತ್ತೊಂದು ಜನ. ಇವರಿಗೆ ಮೂವತ್ತೊಂದು ಬಾಟಲಿ ಎಲ್ಲಿಂದ ತರುತ್ತಾರೆ? ಇವರಲ್ಲಿ ಓ ನೆಗೆಟಿವ್ ಎಷ್ಟು ಮಂದಿ? ಇವರ ಹೆಂಡಂದಿರು ಈಗ ಯಾರ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾರೆ? ನಾಯಕ ಹಣೆಯ ರಕ್ತವನ್ನು ಹೆಬ್ಬೆರಳಲ್ಲಿ ಒರೆಸಿಕೊಂಡು ನಕ್ಕ. ಸುತ್ತಲೂ ಶಿಳ್ಳೆ. ಪಕ್ಕದ ಕುರ್ಚಿ ಖಾಲಿ. ಇಷ್ಟು ವರ್ಷ ಬಿದ್ದವರನ್ನು ನಾನು ಸಾಮಾನಿನ ಹಾಗೆ ನೋಡಿದೆನಲ್ಲ ಎಂದು ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮಧ್ಯಂತರಕ್ಕೇ ಎದ್ದು ಬಂದೆ.

ಬುಧವಾರ ಭಾರತಿ ತಾನೂ ಬರುತ್ತೇನೆಂದು ಬೈಕು ಹತ್ತಿದಳು. ರಕ್ತನಿಧಿಯ ಹುಡುಗಿ ನನ್ನನ್ನು ಮಲಗಿಸಿ, ಕೈಗೊಂದು ಮೆತ್ತನೆಯ ಚೆಂಡು ಕೊಟ್ಟು, "ಮುಷ್ಟಿ ಬಿಗಿ ಮಾಡಿ ಸಾರ್. ಬಿಡಿ. ಮತ್ತೆ ಬಿಗಿ ಮಾಡಿ" ಎಂದಳು. ಜೀವಮಾನದಲ್ಲಿ ಮುಷ್ಟಿ ಬಿಗಿದು ನಾನು ಮಾಡಿದ ಕೆಲಸ ಅದೊಂದೇ. "ಕಣ್ಣು ಮುಚ್ಕ್ಯಳಿ, ಆನಿದ್ದೆ" ಎಂದು, ತಾನಿದ್ದೇನೆಂಬ ಭರವಸೆಗೆ, ಭಾರತಿ ಇನ್ನೊಂದು ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿದ್ದು ಗೊತ್ತಾಯಿತು, ಆಮೇಲೆ ನೋವೇನೂ ಗೊತ್ತಾಗಲಿಲ್ಲ. "ಆತಾ?" ಎಂದೆ. "ಇನ್ನೂ ಆಜಿಲ್ಲೆ" ಎಂದಳು. ಒಲೆಯ ಮೇಲಿನ ಹಾಲು ಕಾಯುವವಳ ಹಾಗೆ ಅವಳು ಆ ಚೀಲವನ್ನೇ ನೋಡುತ್ತಿದ್ದಳಂತೆ, ನಿದ್ದೆ ಬರಲಿಲ್ಲವಂತೆ. ಎಲ್ಲ ಮುಗಿದು, ಹತ್ತು ನಿಮಿಷ ಮಲಗಿರಿ ಎಂದು ಆ ಹುಡುಗಿ ಹೇಳಿದಳು. ಅಷ್ಟರಲ್ಲಿ ಬಾಗಿಲಲ್ಲಿ ಇಸ್ಮಾಯಿಲ್ ಕೈಮುಗಿದು ನಿಂತದ್ದು ಕಂಡಿತು. ಅಭಿಮಾನಿಯಾದವನು ಅಂಥ ಹೊತ್ತಿನಲ್ಲಿ ಮಲಗಿರಲಾರ. ಎದ್ದೆ, ಅಂಗಿಯ ತೋಳು ಮಡಚಿದೆ, ಎದೆಯುಬ್ಬಿಸಿ ನಾಲ್ಕು ಹೆಜ್ಜೆ ನಡೆದೆ. ಐದನೆಯದು ನೆನಪಿಲ್ಲ. ಮೇಲೇರದೆ, ಸುತ್ತು ತಿರುಗದೆ, ನೇರ ಬಿದ್ದೆನಂತೆ. ಹುಬ್ಬಿಗೆ ಮೂರು ಹೊಲಿಗೆ ಬಿತ್ತು. ಕನ್ನಡಕ ಚೂರಾಯಿತು. ಬ್ಯಾಂಡೇಜಿನ ಫೋಟೋಕ್ಕೆ ಅಬ್ಬರದ ಸಂಗೀತ ಹಾಕಿ ಸಂಘದವರು ಎಲ್ಲರ ಮೊಬೈಲಿಗೂ ಕಳಿಸಿದರು.

ಗುರುವಾರ ಅಂಗಡಿಯಲ್ಲಿ ಗಿರಾಕಿಗಳಿದ್ದಾಗಲೇ ಇಸ್ಮಾಯಿಲ್ ಫೋನು ಮಾಡಿದ. "ಹೊರಗೆ ತಂದ್ರು ಹೆಗಡೇರೆ. ಮಾತಾಡಿದ್ಲು. ನಿಮ್ಮ ಬಾಟ್ಲಿ ಹಾಕಿದಾರೆ." ನಾನು ಗಿರಾಕಿಗಳ ಎದುರೇ ಅತ್ತುಬಿಟ್ಟೆ. ಹುಬ್ಬಿನ ಹೊಲಿಗೆ ನೋಯುತ್ತಿರಬೇಕು ಎಂದು ಅವರು ಪಾಪ ಸಮಾಧಾನ ಮಾಡಿದರು.

ಎರಡು ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಶಮೀಮ್ ಚೆನ್ನಾಗಿ ಚೇತರಿಸಿಕೊಂಡಿದ್ದಳು. ಚಹಾ ತರಿಸಿದೆ. ಅಷ್ಟು ಹೊತ್ತಿಗೆ ಪೇಟೆಗೆ ಬಂದಿದ್ದ ಭಾರತಿಯೂ ಅಲ್ಲಿಗೆ ಬಂದಳು. ಶಮೀಮ್ ಸೆರಗು ಸರಿಮಾಡಿಕೊಂಡು, "ಅಣ್ಣಾ, ಸಿಟ್ಟು ಮಾಡ್ಬೇಡಿ, ಒಂದು ಮಾತು ಕೇಳ್ತೇನೆ" ಎಂದಳು. "ನಾನು ಮೊದ್ಲು ಕೋಳಿ ಕೊಯ್ಯೋದಕ್ಕೂ ಹೆದರಿದವಳಲ್ಲ. ಮೊನ್ನೆ ಮಗಳ ಬೆರಳಿಗೆ ಸೂಜಿ ಚುಚ್ಚಿ ಒಂದೇ ಹನಿ ರಕ್ತ ಬಂತು ನೋಡಿ, ನಾನೇ ತಲೆ ತಿರುಗಿ ಬಿದ್ದೆ. ಆಪರೇಶನ್ನಿಗೆ ಮೊದ್ಲು ಹೀಗೆ ಇರ್ಲಿಲ್ಲ. ನಿಮ್ಮ ರಕ್ತದಲ್ಲಿ ಏನಾದ್ರೂ ಇತ್ತಾ?"

ಇಸ್ಮಾಯಿಲ್ ತಲೆಯೆತ್ತಿ ಫ್ಯಾನು ನೋಡತೊಡಗಿದ. ರಕ್ತದಲ್ಲಿ ಸ್ವಭಾವ ಹೋಗುವುದಿಲ್ಲ, ಇದು ಆಪರೇಶನ್ನಿನ ನಿಶ್ಶಕ್ತಿ, ತಿಂಗಳಲ್ಲಿ ಸರಿಯಾಗುತ್ತದೆ ಎಂದು ನಾನು ವಿಜ್ಞಾನದ ಮಾಸ್ತರನ ಹಾಗೆ ವಿವರಿಸಿದೆ. ಸಂಘದಲ್ಲಿ ಮಾತ್ರ ಈ ವಿಷಯ ಎತ್ತಬೇಡ ಎಂದು ಇಸ್ಮಾಯಿಲನಿಗೆ ಕಣ್ಣಲ್ಲೇ ಬೇಡಿಕೊಂಡೆ. ಭಾರತಿ ಚಹಾದ ಲೋಟ ಕೆಳಗಿಟ್ಟು ಶಮೀಮಳ ಭುಜದ ಮೇಲೆ ಕೈಯಿಟ್ಟಳು.

"ಹೆದರಬೇಡ ತಂಗಿ" ಎಂದಳು. "ನಿಂಗೆ ಬಂದಿದ್ದು ಒಂದೇ ಬಾಟ್ಲಿ. ನಾನು ಇಪ್ಪತ್ತಾರು ವರ್ಷದಿಂದ ಪೂರ್ತಿ ಮನುಷ್ಯನನ್ನೇ ಇಟ್ಕೊಂಡು ಬಾಳ್ವೆ ಮಾಡ್ತಿದ್ದೇನೆ."