ಫರಸಿ ಬಿಟ್ಟೇಳದ ನಾಯಿಗೆ ಮುಕಾದಮನ ತಕರಾರು

ಶ್ರೀಮನ್ಮಹಾರಾಜಶ್ರೀ ಮೇಜರ್ ಅವರ, ಅಂದರೆ ನಮ್ಮ ಕಲ್ಲುಖಣಿಯ ಮ್ಯಾನೇಜರ ಸಾಹೇಬರ ನಾಯಿಯವರ, ನಾಲ್ಕೂ ಪಾದಗಳಿಗೆ ಖಣಿಯಾಳುಗಳ ಮೇಸ್ತ್ರಿ, ಶಹಾಬಾದಿನ ಮುಕಾದಮ ಚಂದ್ರಾಮಪ್ಪ ಮಾಡುವ ಶರಣುಶರಣಾರ್ಥಿಗಳು.

ಮಾನ್ಯರೇ,

ವಾಡಿ ಜಂಕ್ಷನ್ನಿನಲ್ಲಿ ನಾನು ಕೈ ಎತ್ತದೆ ಮದ್ರಾಸ್ ಮೇಲ್ ಕದಲುವುದಿಲ್ಲವೆಂಬುದು ಹೈದರಾಬಾದ್ ಸಂಸ್ಥಾನಕ್ಕೆಲ್ಲ ಗೊತ್ತಿರುವ ಸಂಗತಿ. ಇಂಥ ನಾನೇ ಅರ್ಜಿ ಹಿಡಿದು ತಮ್ಮೆದುರು ನಿಲ್ಲುವ ಕಾಲ ಬಂತೆಂದರೆ ತಮ್ಮ ದೊಡ್ಡಸ್ತಿಕೆ ಎಷ್ಟಿರಬೇಕು!

ಚಿತ್ತಾಪುರದ ಹಾದಿಯಲ್ಲಿ ಹೊಸ ಖಣಿ ತೆಗೆಯುತ್ತಾರೆ, ಅದಕ್ಕೊಬ್ಬ ಹಿರಿಯ ಮುಕಾದಮ ಬೇಕಂತೆ ಎಂಬ ಸುದ್ದಿ ಬೇಸಿಗೆಯಲ್ಲಿ ಹಬ್ಬಿದಾಗ, ಆ ಜಾಗ ನನ್ನದೇ ಎಂದು ಊರಿಗೆಲ್ಲ ಸಾರಿದ್ದೆ. ಆದರೆ ಬಳ್ಳಾರಿ ಕಡೆಯಿಂದ ಹೊಸದಾಗಿ ಬಂದ ಸಾಹೇಬರು ನನ್ನ ಸಲಾಮಿಗೆ ತಲೆಯನ್ನೇ ಎತ್ತುತ್ತಿರಲಿಲ್ಲ. ಆಗ ಆಫೀಸಿನ ಗುಮಾಸ್ತ ಶೌಕತ ಅಲಿ ಗುಟ್ಟು ಬಿಟ್ಟುಕೊಟ್ಟ: “ಕಾಕಾ, ಸಾಹೇಬ್ರು ಮನಷ್ಯಾರ ಮಾತು ನಂಬಂಗಿಲ್ರಿ. ಮೇಜರ್ ಯಾರಿಗಿ ಬಾಲ ಅಲ್ಲಾಡಸ್ತದ, ಅವನೇ ಖರೇ ಆದ್ಮಿ ಅಂತಾರ.”

ಅಂದಿನಿಂದ ತಮ್ಮ ಸೇವೆಗೆ ನಿಂತೆ. ಬಂಗಲೆಯ ತಗಡಿನ ಕೆಳಗೆ ತಾವು ನಾಲಿಗೆ ಚಾಚಿ ಬೇಯುತ್ತಿದ್ದುದನ್ನು ಕಂಡು, ಸುತ್ತಿಗೆಯಿಂದ ಬಡಿದರೆ ಗಂಟೆಯಂತೆ ನುಡಿಯುವ, ಒಳಗೆಲ್ಲೂ ಬಿರುಕಿಲ್ಲದ ಫರಸಿ ಹಾಸುಗಲ್ಲೊಂದನ್ನು ಆರಿಸಿ, ನಮ್ಮ ಮನೆ ಮುಂದಿನ ಬೇವಿನ ನೆರಳಲ್ಲಿ ಹಾಸಿ, ಆಗಾಗ ನೀರು ಹೊಡೆದು ತಂಪಾಗಿಟ್ಟೆ. ತಾವು ಬಂದಿರಿ, ರೊಟ್ಟಿ ತಿಂದಿರಿ, ಬಾಲ ಅಲ್ಲಾಡಿಸಿದಿರಿ, ಅಲ್ಲಿಗೇ ಮುಗಿಸಬೇಕಿತ್ತು. ತಾವು ಬಂಗಲೆಯನ್ನೇ ಬಿಟ್ಟಿರಿ. ಹಗ್ಗ ಕಟ್ಟಿ ಒಯ್ದು ಬಿಟ್ಟುಬಂದರೆ, ನಾನು ಮನೆ ಮುಟ್ಟುವಷ್ಟರಲ್ಲಿ ತಾವು ಫರಸಿಯ ಮೇಲೆ ಒರಗಿ, ಇಷ್ಟೇಕೆ ತಡವಾಯಿತೆಂಬಂತೆ ನನ್ನನ್ನೇ ನೋಡುತ್ತಿದ್ದಿರಿ. ನನ್ನ ಹೆಂಡತಿ ಅಂಬುಬಾಯಿಯಂತೂ ಓಣಿಗೆಲ್ಲ ಕೇಳುವಂತೆ, “ಲಗ್ನಾದಾಗಿಂದ ನನ್ನ ಕಾಲಿಗಿ ಒಂದು ಚೆರಗಿ ನೀರು ಕೊಟ್ಟಿಲ್ಲ, ನಾಯಿಗಿ ಕೊಡಗಟ್ಲೆ ಹೊಡಿಲಿಕತ್ತೀರಿ! ಮುಂದಿನ ಜಲ್ಮದಾಗ ನನಗೂ ಬಾಲ ಇರಲಿ” ಎಂದಳು.

ತಮ್ಮನ್ನು ನಾನು ಕದ್ದೆನೆಂದು ಸಿಟ್ಟಾಗಿ ಸಾಹೇಬರು ಖುದ್ದಾಗಿ ಬಂದರು. ಬಿಸಿಲಿಗೆ ಅವರ ಬೂಟು ಒಲೆಯ ಹೆಂಚಿನಂತೆ ಕಾದಿತ್ತು. “ಒಂದೀಟು ಕುಂದ್ರಿ ಸಾಹೇಬ್ರ, ಬೈಯೂದು ಆಮ್ಯಾಲ ಬೈರಿ” ಎಂದು ಫರಸಿಗೆ ನೀರು ಹೊಡೆದೆ. ಕುಳಿತರು, ಬೂಟು ಕಳಚಿದರು, ಪುಂಡಿಪಲ್ಲೆ ರೊಟ್ಟಿ ತಿಂದರು, ಬೈಯುವುದನ್ನು ಮರೆತು ಪಕ್ಕದಲ್ಲೇ ಮಲಗಿದ್ದ ತಮ್ಮ ಹೊಟ್ಟೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು. ಮರುದಿನವೂ ಬಂದರು, ಈಗ ದಿನವೂ ಬರುತ್ತಾರೆ. ಮೇಲಧಿಕಾರಿಯೊಡನೆ ಇಂಥ ಸಲಿಗೆ ಸೇಡಂ, ಚಿಂಚೋಳಿ ಸುತ್ತಿದರೂ ಯಾವ ನೌಕರನಿಗೂ ದಕ್ಕಿರಲಾರದು.

ಹೀಗಿರಲಾಗಿ ಹೊಸ ಖಣಿಯ ಹುಕುಂ ಹೊರಟಿದ್ದು ಯಾರ ಹೆಸರಿಗೆ? ಯುಗಾದಿಯಂದು ತಾವು ಯಾರ ಮೀನಖಂಡಕ್ಕೆ ಬಾಯಿ ಹಾಕಿದಿರೋ, ನಮ್ಮ ಖಣಿಯ ಇನ್ನೊಬ್ಬ ಮುಕಾದಮ, ಆ ಗುರುಲಿಂಗಪ್ಪನ ಹೆಸರಿಗೆ! ಹೀಗೇಕೆಂದು ಕೇಳಿದ್ದಕ್ಕೆ ಸಾಹೇಬರು ಕಣ್ಣನ್ನೂ ತೆರೆಯದೆ ಅಪ್ಪಣೆ ಕೊಡಿಸಿದರು: “ಅವನನ್ನು ಕಂಡರೆ ಮೇಜರಿಗೆ ಆಗೋದಿಲ್ಲ, ಅದಕ್ಕೇ ದೂರ ಕಳಿಸಿದೆ. ನೀನು ಹೋದರೆ ಇಲ್ಲಿ ನೀರು ಹಾಕೋರು ಯಾರು, ಚಂದ್ರಾಮಪ್ಪ?”

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ಇನ್ನೊಂದು ಖಣಿ ತೆರೆಯುವ ಮೊದಲು ತಾವು ದೊಡ್ಡ ಮನಸ್ಸು ಮಾಡಿ ಸಾಹೇಬರ ಕಣ್ಣೆದುರಿಗೇ ನನ್ನನ್ನು ಕಚ್ಚಬೇಕು. ಎಡಗಾಲಾದರೆ ಉತ್ತಮ, ಹಳೆಯ ಧೋತರ ಉಟ್ಟೇ ಬರುತ್ತೇನೆ. ಅದು ತಮ್ಮ ಘನತೆಗೆ ಕಡಿಮೆಯೆನಿಸಿದರೆ, ಚಿತ್ತಾಪುರದ ಹಾದಿ ಹಿಡಿದು ಗುರುಲಿಂಗಪ್ಪನ ಕೈ ನೆಕ್ಕಿ, ಅವನಿಲ್ಲದೆ ತಮಗೆ ಅನ್ನ ಸೇರದೆಂದು ಸಾಹೇಬರಿಗೆ ಮನಗಾಣಿಸಿ, ಅವನನ್ನು ಇಲ್ಲಿಗೆ ಕರೆಸಿ, ಕೊಡವನ್ನು ಅವನ ಹೆಗಲಿಗೇರಿಸಬೇಕು.

ಕೊಡ ಕೆಳಗಿಡಲೂ ಪುರುಸೊತ್ತಿಲ್ಲದ,
ತಮ್ಮ ವಿಶ್ವಾಸಿ,
ಚಂದ್ರಾಮಪ್ಪ, ಹಳೆಯ ಖಣಿಯ ಹಳೆಯ ಮುಕಾದಮ

ತಾ.ಕ.: ತಮ್ಮ ಪ್ರೀತಿಯ ದೆಸೆಯಿಂದ ತಿಂಗಳಿಗೆ ನೂರು ರೂಪಾಯಿ ಮುಳುಗಿತೆಂದು ನಾನು ಸೇಡಂ ಬಸ್ಸಿನಲ್ಲಿ ಹೇಳಿಕೊಂಡು ಬಂದದ್ದು ನಿಜ. ಸಾಹೇಬರು ತಮ್ಮ ಕಿವಿಯಲ್ಲಿ ಊದುವ ಮುಂಚೆ ನಾನೇ ಒಪ್ಪಿಬಿಡುತ್ತೇನೆ: ಪಗಾರದಲ್ಲಿ ಏರುತ್ತಿದ್ದುದು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಮೂರು ರೂಪಾಯಿ ಹದಿನಾಲ್ಕಾಣೆ.