ಒಬ್ಬರೇ ಕುಳಿತರೆ ನಿಲ್ಲುವ ಕಾರು

ನಮ್ಮ ಸೋದರಮಾವನ ಬಳಿ ಸ್ಪೋರ್ಟ್ಸ್ ಕಾರು ಇದೆ ಎಂದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಶಿಕಲ್ಲು ಮಾರುವವನಿಗೆ ಅಂಥ ಮಾವ ಎಲ್ಲಿಂದ ಬಂದ ಎಂಬ ಅನುಮಾನ! ಮಾವ ಎಲ್ಲಿಂದಲೂ ಬಂದವರಲ್ಲ, ಸೇಡಂನವರೇ. ಕಾರೂ ಎಲ್ಲಿಂದಲೂ ಬಂದದ್ದಲ್ಲ. ಅವರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಎಮ್ಮೆಯ ಪಕ್ಕದಲ್ಲೇ ಹುಟ್ಟಿತು.

ಜೀವನವಿಡೀ ಲೇಥ್ ಮಷಿನ್ ಮುಂದೆ ನಿಂತು ನಿವೃತ್ತರಾದ ಮನುಷ್ಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿರಬಾರದೆ? ಗುಜರಿಯಿಂದ ಹಳೇ ಕಾರಿನ ಎಂಜಿನ್ ತಂದರು. (ಚೌಕಾಸಿ ಮಾಡಿದವನು ನಾನೇ, ಹಾಗಾಗಿ ಪಾಪದಲ್ಲಿ ನನಗೂ ಪಾಲಿದೆ.) ಜೀಪಿನ ಗಾಜು, ಸ್ಕೂಟರಿನ ಕನ್ನಡಿ, ಕೆಂಪು ಬಣ್ಣ, ಎರಡೇ ಸೀಟು. ಎತ್ತರ ಎಷ್ಟೆಂದರೆ ರಸ್ತೆಯಲ್ಲಿ ನಿಂತ ಆಡು ಬಗ್ಗಿ ನೋಡಿ ಮಾವನ ಯೋಗಕ್ಷೇಮ ವಿಚಾರಿಸಬಹುದು!

ಓಡಿಸುವವರ ಸೀಟು ಗುಜರಿಯದು. ಪಕ್ಕದ ಸೀಟಿಗೆ ಮಾತ್ರ ಕಬ್ಬಿಣದ ಚೌಕಟ್ಟು ಮಾಡಿ, ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯನ್ನು ಹೆಣೆದಿದ್ದರು. ಸ್ಪೋರ್ಟ್ಸ್ ಕಾರಿನಲ್ಲಿ ನವಾರು! ನಾನು ನಕ್ಕೆ.

"ನಗು ನಗು. ಮೊದ್ಲ ಕುಂತು ನೋಡು," ಎಂದರು ಮಾವ.

ಕೂತೆ. ಸುಖವಾಗಿಯೇ ಇತ್ತು. ಎಬ್ಬಿಸಲು ಮಾತ್ರ ಇಬ್ಬರು ಬೇಕಾದರು.

ಕಾರು ಚೆನ್ನಾಗಿ ಓಡಿತು. ನಿಲ್ಲುವುದು ಅದರ ಮರ್ಜಿ. ಒಮ್ಮೆ ಕುರಕುಂಟಾಕ್ಕೆ ಹೊರಟಿದ್ದ ನೆರೆಮನೆಯ ಮಾಸ್ತರರನ್ನು ಮಾವ "ಬರ್ರಿ, ಕುಂದ್ರಿ" ಎಂದು ಹತ್ತಿಸಿಕೊಂಡರು. ನಮ್ಮ ಕಡೆ ಸೀಟು ಖಾಲಿ ಇಟ್ಟುಕೊಂಡು ಹೋದರೆ ಜನ ಎದುರಿಗೇ ಬೈಯುತ್ತಾರೆ. ಊರು ಬಂತು, ಮಾವ ಬ್ರೇಕ್ ಒತ್ತಿದರು, ಪೆಡಲು ಸಲೀಸಾಗಿ ನೆಲ ಮುಟ್ಟಿತು! ಕಾರು ಜೋಳದ ಕಣಿಕೆಯ ಬಣವೆಗೆ ಹೊಕ್ಕು ನಿಂತಿತು. ಮಾಸ್ತರರು ತಲೆಯ ಮೇಲಿನ ಕಣಿಕೆ ಕೊಡವಿಕೊಂಡು, "ಗಾಡಿ ಭಾಳ ಛಲೋ ಅದರಿ. ವಾಪಸ್ ಹೋಗಾಗ ನಾ ಬಸ್ಸಿಗಿ ಬರ್ತೀನಿ," ಎಂದರಂತೆ.

ವಾಡಿಯ ಮೆಕ್ಯಾನಿಕ್ ಬಂದು ಕಾರನ್ನು ಓಡಿಸಿ ನೋಡಿದ. ಬ್ರೇಕು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಅವನ ಹಣೆ ಗಾಜಿಗೆ ಬಡಿಯುವುದೊಂದು ಬಾಕಿ. "ಕಾಕಾ, ಬ್ರೇಕ್ ಶೇರ್ ಹಂಗ, ಹುಲಿ ಹಂಗ ಅದಾವ. ನಿಮ್ಮ ಕಾಲು ಯಾರಿಗರೆ ತೋರಿಸ್ರಿ," ಎಂದ. ಹಾಗೆಂದು ಬರಿಗೈಲಿ ಹೋಗುತ್ತಾನೆಯೆ? ಬ್ರೇಕ್ ಆಯಿಲ್, ವಾಷರು ಎಲ್ಲ ಬದಲಿಸಿಯೇ ಹೋದ. ಮರುದಿನ ಮಾವ ಒಬ್ಬರೇ ಸೇಡಂ ಬಜಾರಿನಲ್ಲಿ ಸುತ್ತಿ, ಕಂಡ ಕಂಡವರ ಮುಂದೆಲ್ಲ ಬ್ರೇಕ್ ಹಾಕಿ ತೋರಿಸಿದರು.

ಅದೇ ವಾರ ಅತ್ತೆಯನ್ನು ಕೂರಿಸಿಕೊಂಡು ಅವರ ತವರು ಚಿಮ್ಮನಚೋಡಕ್ಕೆ ಹೊರಟರು. ಎದುರಿಗೆ ಕುರಿ ಹಿಂಡು. ಪೆಡಲು ಮತ್ತೆ ನೆಲಕ್ಕೆ! ಮಾವ ಸ್ಟೀರಿಂಗ್ ಎಳೆದು ಕಾರನ್ನು ತೊಗರಿ ಹೊಲಕ್ಕೆ ನುಗ್ಗಿಸಿದರು. ಎರೆಮಣ್ಣು ಹಿಡಿದು ನಿಲ್ಲಿಸಿತು. ಅತ್ತೆ ಇಳಿದು, ಬಸ್ಸು ಹತ್ತಿ, ಸೀಟು ಖಾಲಿಯಿದ್ದರೂ ನಿಂತೇ ಮನೆಗೆ ಬಂದರಂತೆ. ಸಿಟ್ಟು ಅಷ್ಟಿತ್ತು ಎಂದುಕೊಂಡೆ. ಬಂದವರೇ ನನಗೆ ಫೋನ್ ಮಾಡಿದರು.

"ಅಳಿಯಾ, ಗುಜರಿಯಂವಗ ಬರ್ಲಿಕ್ಕೆ ಹೇಳು. ಅಮಾಸಿ ಒಳಗ ಈ ಮನಿಯಾಗ ನಿಮ್ಮ ಮಾಮಾ ಇರಬೇಕು, ಇಲ್ಲಾ ಆ ಗಾಡಿ ಇರಬೇಕು!"

"ಅತ್ತಿ, ಎರಡರಾಗ ಯಾವುದಕ್ಕ ರೇಟ್ ಕೇಳ್ಲಿ?"

"ಹುಚ್ಚಪ್ಪಾ, ನಿಮ್ಮ ಮಾಮಾಗ ಯಾರ್ ತಗೋತಾರ!"

ಅಮಾವಾಸ್ಯೆಗೆ ಇನ್ನು ಹತ್ತು ದಿನ. ಸೇಡಂಗೆ ಹೋದೆ. ಮಾವ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು, ಮುಖ ನೋಡಲಾಗುತ್ತಿರಲಿಲ್ಲ.

"ಮಾಮಾ, ಬ್ರೇಕ್ ಹೋದಾಗ ಲೋಡ್ ಎಷ್ಟಿತ್ತು?"

"ಇದೇನು ಲಾರಿ ಅದನೋ, ಲೋಡ್ ಕೇಳ್ಲಿಕ್ಕೆ?"

ಪರಶಿ ವ್ಯಾಪಾರದಲ್ಲಿ ನಾನು ಕಲಿತದ್ದು ಇಷ್ಟೇ: ಖಾಲಿ ಗಾಡಿಯ ಮಾತು ನಂಬಬಾರದು. ನೀವೂ ಹಳೇ ಗಾಡಿ ಕೊಳ್ಳುವುದಾದರೆ ದಪ್ಪಗಿರುವ ನೆಂಟರನ್ನೆಲ್ಲ ತುಂಬಿಕೊಂಡು ಓಡಿಸಿ ನೋಡಿ, ಆಮೇಲೆ ರೇಟು ಮಾತಾಡಿ.

"ಮೆಕ್ಯಾನಿಕ್ ಓಡಿಸ್ದಾಗ ಬಾಜೂಕ ಯಾರಿದ್ರು?"

"ಯಾರೂ ಇದ್ದಿಲ್ಲ."

"ಬಣವಿಗಿ ಹೊಕ್ಕಾಗ?"

"ಮಾಸ್ತರ."

"ಹೊಲದಾಗ ಇಳಿದಾಗ?"

"ನಿಮ್ಮತ್ತಿ..." ಮಾವ ಎದ್ದು ನಿಂತರು. "ಅಂದ್ರ ಮಾಸ್ತರಂದೂ ನಿಮ್ಮತ್ತೀದೂ ಕಾಲ್ಗುಣ ಒಂದೇ ಅಂತೀಯೇನು?"

ಕಾಲ್ಗುಣವಲ್ಲ, ತೂಕ! ಮರುದಿನ ನವಾರಿನ ಮೇಲೆ ಪರಶಿಕಲ್ಲು ಹೇರಿ ಹಗ್ಗ ಬಿಗಿದೆವು, ಅಂದಾಜು ಅತ್ತೆಯಷ್ಟು. (ಈ ವಾಕ್ಯವನ್ನು ಯಾರೂ ಅತ್ತೆಗೆ ಓದಿ ಹೇಳಬಾರದಾಗಿ ವಿನಂತಿ.) ಆಡಕಿ ಊರಿನ ಕಡೆಯ ಖಾಲಿ ರಸ್ತೆಯಲ್ಲಿ ಮಾವ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೊರಟರು, ನಾನು ಬೈಕಿನಲ್ಲಿ ಹಿಂದೆ. ದಾರಿಯುದ್ದಕ್ಕೂ ಬ್ರೇಕ್ ಒತ್ತಿ ನೋಡುತ್ತಲೇ ಇದ್ದರು. ಐದಾರು ಮೈಲಿ ದಾಟಿದ್ದೇ ಹ್ಯಾಂಡ್‌ಬ್ರೇಕ್ ಎಳೆದು ಕಾರು ನಿಲ್ಲಿಸಿ, ಹೊರಗೆ ಜಿಗಿದು ಕುಣಿಯತೊಡಗಿದರು.

"ಹೋಯ್ತು! ಅಳಿಯಾ, ಬ್ರೇಕ್ ಹೋಯ್ತೋ!"

ಬ್ರೇಕ್ ಹೋಯಿತೆಂದು ಕುಣಿದವರನ್ನು ನಾನು ಅಂದೇ ಮೊದಲು ಕಂಡದ್ದು! ಕಲ್ಲು ಇಳಿಸದೆಯೇ ಕಾರಿನ ಕೆಳಗೆ ತಲೆ ಹಾಕಿ ನೋಡಿದೆವು. ಭಾರಕ್ಕೆ ನವಾರು ಜೋತು ನೆಲದ ತಗಡನ್ನು ಒತ್ತಿತ್ತು. ತಗಡು ಅದರಡಿಯ ಬ್ರೇಕ್ ಪೈಪನ್ನು ಒತ್ತಿ ಬಿಸಿ ಸೈಲೆನ್ಸರಿಗೆ ತಾಗಿಸಿತ್ತು. ಒಳಗಿನ ಆಯಿಲ್ ಚಹದಂತೆ ಕುದಿದು ಗುಳ್ಳೆ ಎದ್ದರೆ ಬ್ರೇಕು ಹಿಡಿಯುವುದಾದರೂ ಹೇಗೆ? ಕೂತವರು ಇಳಿದರೆ ತಗಡು ಮೇಲೆ ಬರುತ್ತದೆ, ಪೈಪು ತಣ್ಣಗಾಗುತ್ತದೆ, ಬ್ರೇಕು ಮತ್ತೆ ಶೇರ್!

"ನವಾರು ಬಿಚ್ಚಿ ಫೋಮಿನ ಸೀಟು ಹಾಕ್ರಿ, ಮಾಮಾ. ಒಂದ್ ತಾಸಿನ ಕೆಲಸ."

"ಹಾಕಂಗಿಲ್ಲ."

"ಯಾಕ್ರಿ?"

ಮಾವ ಕೈಗಂಟಿದ ಮಸಿ ಒರೆಸಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದರು: "ಮೂರು ವರ್ಷ ಆಯ್ತು, ಸೊಂಟದ ಬ್ಯಾನಿಗಿ ನಿಮ್ಮತ್ತಿ ಬರೋಬ್ಬರಿ ನಿದ್ದಿ ಮಾಡಿಲ್ಲ. ಬಸ್ಸಿನ ಸೀಟಿನ್ಯಾಗ ಕುಂತ್ರ ಸೊಂಟ ಹಿಡ್ಕೋತದ, ನಿಂತೇ ಹೋಗಬೇಕು. ತವರಿಗಿ ಹೋಗೋದೇ ಬಿಟ್ಟಾಳ. ನವಾರಿನ ಮ್ಯಾಲೆ ಆಕಿಗಿ ಜರಾ ಆರಾಮ."

ನಾನು ಬಗ್ಗಿ ಕಲ್ಲಿಗೆ ಬಿಗಿದ ಹಗ್ಗ ಬಿಚ್ಚತೊಡಗಿದೆ.

ಒಂದು ತಾಸಿನ ಕೆಲಸ ಬಿಟ್ಟು ಮಾವ ಆರು ದಿನ ಅಂಗಾತ ಮಲಗಿ, ನೆಲದ ತಗಡು ಕತ್ತರಿಸಿ, ಪೈಪನ್ನು ಸೈಲೆನ್ಸರಿನಿಂದ ದೂರ, ಆಚೆ ಬದಿಯಿಂದ ಹಾಯಿಸಿದರು. ಮತ್ತೆ ಕಲ್ಲು ಹೇರಿ ಮೂರು ಸಲ ಪರೀಕ್ಷೆ ಮಾಡಿದೆವು. ಬ್ರೇಕು ಒಮ್ಮೆಯೂ ಕೈಕೊಡಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅತ್ತೆ ಸೊಂಟಕ್ಕೆ ಕೈಯಿಟ್ಟು ಕಾರಿನ ಮುಂದೆ ನಿಂತರು.

"ಗ್ಯಾರಂಟಿ ಯಾರು?"

ಮಾರಿದ ಕಲ್ಲಿಗೇ ಗ್ಯಾರಂಟಿ ಕೊಡದವನು ನಾನು. "ನಾ ಅದೀನಿ, ಅತ್ತಿ. ಹಿಂದೇ ಬರ್ತೀನಿ," ಎಂದೆ.

ಚಿಮ್ಮನಚೋಡದ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಮಾವ ಬ್ರೇಕ್ ಒತ್ತಿದರು. ಕಾರು ಅಲ್ಲೇ ನಿಂತಿತು. "ಹಿಡೀತು ನೋಡ್ರಿ!" ಎಂದು ಅತ್ತೆ ಕೂಗಿದ್ದು ನನ್ನ ಬೈಕಿನವರೆಗೂ ಕೇಳಿಸಿತು.

ಆಮೇಲೆ ಕಾರು ನಿಧಾನವಾಗುತ್ತಾ ಹೋಯಿತು. ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿತು! ಏನಾಯಿತೆಂದು ಬೈಕನ್ನು ಪಕ್ಕಕ್ಕೆ ತಂದೆ. ಅತ್ತೆಯ ತಲೆ ಮಾವನ ಭುಜಕ್ಕೆ ಒರಗಿತ್ತು, ಬಾಯಿ ತುಸು ತೆರೆದಿತ್ತು, ಗಾಢ ನಿದ್ದೆ. ನಾನು ಮಾತಾಡುವಷ್ಟರಲ್ಲಿ ಮಾವ ತುಟಿಯ ಮೇಲೆ ಬೆರಳಿಟ್ಟರು.

ಚಿಮ್ಮನಚೋಡ ಬಂತು, ಅತ್ತೆ ಇನ್ನೂ ಎದ್ದಿರಲಿಲ್ಲ. ತವರು ಮನೆಯ ಬಾಗಿಲಲ್ಲಿ ಅತ್ತೆಯ ಅಣ್ಣ ಕೈಯೆತ್ತಿ ನಿಂತಿದ್ದರು. ಮಾವನ ಕಾಲಡಿಯಲ್ಲಿ ಬ್ರೇಕು ಸಂಪೂರ್ಣ ಸರಿಯಾಗಿತ್ತು. ಮಾವ ಅದನ್ನು ಒತ್ತಲಿಲ್ಲ. ಮನೆ ದಾಟಿ, ಊರು ದಾಟಿ, ಮೆಲ್ಲಗೆ ಮುಂದೆ ಹೋದರು.